ಅಡಿವೆಪ್ಪ ಕಾದ ಬ್ಯಾಟರಿ ಡಬ್ಬಿ

ಶಿವನನ್ನು ನೆನೆದು ಕುಳಿತುಕೊಳ್ಳಿ, ಹೇಳುತ್ತೇನೆ. ಒಂದೂರಲ್ಲಿ ತಂಗೆವ್ವ ಅಂತ ಒಬ್ಬ ತಾಯಿ. ಅವಳಿಗೊಬ್ಬನೇ ಮಗ ಅಡಿವೆಪ್ಪ. ಮನಸ್ಸು ಬೆಣ್ಣೆ, ಬುದ್ಧಿ ಮಾತ್ರ ಮಂದ. ಹೋದಲ್ಲೆಲ್ಲ ಕೆಲಸ ಕಳೆದುಕೊಂಡು ಬರುತ್ತಿದ್ದ. "ಶಿವನೇ, ಇವನ ಕೈಗೊಂದು ಕೆಲಸ ಅಂಟಿಸಪ್ಪಾ" ಎಂದು ತಂಗೆವ್ವ ದಿನಾ ಕೈಮುಗಿಯುತ್ತಿದ್ದಳು.

ಊರ ಹೊರಗೆ ಪಾಯಪ್ಪ ಸಾವುಕಾರರ ಕಾರಖಾನೆ. ಅಲ್ಲೊಂದು ಯಂತ್ರ. ಲೋಹದ ಪುಡಿಯನ್ನು ಪದರ ಪದರ ಹರಡುವುದು, ಲೇಸರಿನಿಂದ ಕರಗಿಸುವುದು, ಹಾಗೇ ಬ್ಯಾಟರಿ ಕೂರಿಸುವ ಡಬ್ಬಿ ಕಟ್ಟುವುದು. ಡಬ್ಬಿಯ ಗೋಡೆ ಬಲು ತೆಳು. ತಂಗೆವ್ವ ಕಾಡಿ ಬೇಡಿ ಮಗನನ್ನು ಅಲ್ಲಿ ಸೇರಿಸಿದಳು.

"ಸಾವುಕಾರ್ರು ಹೆಂಗ ಹೇಳತಾರ, ಹಂಗ ಮಾಡೋ ನಮ್ಮಪ್ಪಾ!"

"ಹೂಂ ಯವ್ವಾ!"

ಮೊದಲ ದಿನ ಸಾವುಕಾರರು ಡಬ್ಬಿ ಎತ್ತಿಡು ಅಂದರು. ಗಬಕ್ಕನೆ ಹಿಡಿದ. ಲೊಟಕ್! ಗೋಡೆ ಒಳಗೆ ಹೋಯಿತು.

"ಏ ಮಬ್ಬ! ಅದೇನು ಕಬ್ಬಿಣದ ಗುಂಡೇನೋ? ಹಪ್ಪಳಾ ಜ್ವಾಕಿ ಮಾಡಿದಂಗ ಮಾಡಬೇಕು!"

"ಆತ್ರಿ!"

ಮರುದಿನ ಡಬ್ಬಿಗಳು ಕರಗದೆ ಉಳಿದ ಪುಡಿಯನ್ನು ಹೊಟ್ಟೆ ತುಂಬ ಹೊತ್ತು ಯಂತ್ರದಿಂದ ಹೊರಗೆ ಬಂದವು. ಅಡಿವೆಪ್ಪ ಅವನ್ನೆತ್ತಿಕೊಂಡು ಮಾಳಿಗೆ ಹತ್ತಿದ. ಅವ್ವನ ಹಳೆ ಸೀರೆ ಹಾಸಿದ, ಬಿಸಿಲಿಗೆ ಸಾಲಾಗಿ ಹರವಿದ, ಕೋಲು ಹಿಡಿದು ಕೂತ. "ಹುಶ್ ಕಾಗೀ! ಹುಶ್!" ಗಾಳಿ ಬೀಸಿತು. ಪುಡಿಯೆಲ್ಲ ಹಾರಿಹೋಯಿತು.

"ಅಯ್ಯೋ! ಆ ಪುಡಿ ಜರಡಿ ಹಿಡಿದು ಮತ್ತ ಯಂತ್ರಕ್ಕ ಹಾಕೋದೋ! ಖಾರಪುಡಿ ಇಟ್ಟಂಗ ಭರಣಿಯೊಳಗ ಭದ್ರ ಇಡಬೇಕು!"

"ಆತ್ರಿ!"

ಮರುದಿನದ ಪುಡಿಯನ್ನು ಹಾಗೇ ಇಟ್ಟ ನೋಡಿ! ಜರಡಿ ಹಿಡಿದ, ಭರಣಿಗೆ ತುಂಬಿದ, ಒತ್ತಿದ. ಮನೆಯಲ್ಲಿ ಅವ್ವ ಮಾಡುವ ಹಾಗೆ ನಡುನಡುವೆ ಉಪ್ಪು, ಇಂಗಿನ ಹರಳು ಇಟ್ಟ. ಸಾವುಕಾರರು ಮುಚ್ಚಳ ತೆಗೆದರು. ಘಮ್!

"ಇಂಗ್ಯಾಕೋ?"

"ಹುಳಾ ಬೀಳಬಾರದಲ್ರಿ!"

"ಲೋಹಕ್ಕ ಹುಳಾ ಬೀಳತಾವೇನೋ, ಕತ್ತೆ! ನಡಿ ಮನೀಗೆ!"

ತಂಗೆವ್ವ ಓಡಿಬಂದು ಸೆರಗೊಡ್ಡಿದಳು. ಸಾವುಕಾರರ ಸಿಟ್ಟು ಇಳಿಯಿತು.

"ಇದ ಕಡೀ ಮಾತು, ತಂಗೆವ್ವಾ. ನಾಳೆ ಡಬ್ಬಿ ಕೊಳ್ಳೋರನ್ನ ಕರಕೊಂಡ ಬರತೀನಿ. ಯಂತ್ರ ನಡದಾಗ ಯಾರೂ ಅದರ ಬಾಗಲಾ ತೆಗೀಬಾರದು, ಡಬ್ಬಿ ಕೆಡತಾವು. ಹೆರಿಗಿ ಕೋಣಿ ಕಾದಂಗ ಕಾಯಲಿ. ತಪ್ಪಿದನೋ, ಕೆಲಸ ಹೋತು!"

ಮರುದಿನ ಕೊಳ್ಳುವ ಕಂಪನಿಯ ಎಂಜಿನಿಯರ್ ಸುಲೋಚನಾಬಾಯಿಯವರ ಜೊತೆ ಸಾವುಕಾರರು ಬಂದರು. ನೋಡಿದರೆ ಯಂತ್ರದ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು! ಅಡ್ಡ ಕಂಬಳಿ! ಹೊಸ್ತಿಲ ಮೇಲೆ ಅಡಿವೆಪ್ಪ.

"ಅಕ್ಕಾರ, ನೀವು ಒಳಗ ಬರ್ರಿ. ಸಾವುಕಾರ್ರ, ನೀವು ಹೊರಗ ನಿಲ್ರಿ! ಗಂಡಸರು ಬರಂಗಿಲ್ಲ!"

"ಏ, ಇದು ನನ್ನ ಕಾರಖಾನೆನೋ!"

"ಯಾರದರ ಇರಲಿ. ಹೆರಿಗಿ ಹೆರಿಗೀನ!"

"ನೀನೂ ಗಂಡಸಲ್ಲೇನೋ?"

"ನಾ ಎಲ್ಲಿ ಒಳಗ ಅದೀನ್ರಿ?"

ಸುಲೋಚನಾಬಾಯಿ ನಗುತ್ತ ಒಳಗೆ ಹೋದರು. ಸಾವುಕಾರರು ಹೊರಗೆ ಶತಪಥ ತುಳಿದರು. ಯಂತ್ರ ನಿಂತಿತು. ಸುಲೋಚನಾಬಾಯಿ ಪ್ರತಿ ಡಬ್ಬಿಯ ಗೋಡೆ ಸವರಿ ನೋಡಿ ಹೊರಗೆ ಬಂದರು.

"ಒಂದೂ ಸೊಟ್ಟ ಆಗಿಲ್ರಿ. ನಮಗ ಇವೇ ಬೇಕು. ಈ ಕಾವಲುಗಾರನ್ನ ಮಾತ್ರ ಬಿಡಬ್ಯಾಡ್ರಿ!"

"ಆತು, ನಾಳಿಂದನೂ ಬಾರೋ" ಅಂದರು ಸಾವುಕಾರರು. ಮಗನಿಗೆ ಬುತ್ತಿ ತಂದು ಅಲ್ಲೇ ನಿಂತಿದ್ದ ತಂಗೆವ್ವ ಕಣ್ಣೊರೆಸಿಕೊಂಡಳು.

ಸಾವುಕಾರರು ಖುಷಿಯಿಂದ ಒಳಗೆ ಕಾಲಿಡಹೋದರು. ಅಡಿವೆಪ್ಪ ಅವರ ಬಾಯಿಗೆ ಸಕ್ಕರೆ ಹಾಕಿ, ಕೈ ಅಡ್ಡ ಹಿಡಿದ.

"ಕೂಸು ನೋಡಾಕ ಬರಿಗೈಲೆ ಬರತಾರೇನ್ರಿ? ಕೂಸಿನ ತಲೀಗೆ ಹಾಕೋ ಕುಂಚಗಿ ಎಲ್ಲಿ?"