ನಾಳೆ ಬಾ ಎಂದ ಬಾಗಿಲು

ಕಪಿಲಾ ಹೊಳೆಯ ದಂಡೆಯಲ್ಲಿ ಶಾಂತಯ್ಯ ಗುರುಗಳ ಆಶ್ರಮ. ಅಲ್ಲಿ ಚೆಲುವ ಎಂಬ ಶಿಷ್ಯನಿದ್ದ. ಬೆಳಗ್ಗೆ ಕಸ ಗುಡಿಸಿ, ನೀರು ಹೊತ್ತು, ಪಾಠ ಕೇಳುತ್ತಿದ್ದ. ಸಂಜೆಯಾದರೆ ಹೊಳೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬಸ್ಸು ಓಡಿಸುತ್ತಿದ್ದ.

ಬಸ್ಸು ಓಡಿಸುವ ಆಟ ಅದು. ಅವನು ಆಡುತ್ತಿದ್ದಂತೆಯೇ ಊರೂರಿನ ಜನ ತಮ್ಮ ಫೋನುಗಳಲ್ಲಿ ಲೈವ್ ಆಗಿ ನೋಡುತ್ತಿದ್ದರು.

"ಹತ್ತಿ ಹತ್ತಿ, ಬಾಗಿಲಲ್ಲಿ ನಿಲ್ಬೇಡಿ, ಒಳಕ್ಕೆ ಹೋಗಿ!" ಎಂದು ಚೆಲುವ ಕೂಗುವನು. ಜನ ತಮ್ಮ ಊರಿನ ಹೆಸರು ಬರೆದು ಬಸ್ಸು ಹತ್ತುವರು.

ಓಡಿಸುವುದರಲ್ಲಿ ಮಾತ್ರ ಅವನು ಅಷ್ಟಕ್ಕಷ್ಟೇ. ತಿರುವು ಬಂತೆಂದರೆ ಬಸ್ಸು ಹಳ್ಳಕ್ಕೆ. "ಅಯ್ಯಯ್ಯೋ, ಎಲ್ಲಾರೂ ಇಳೀರಪ್ಪಾ, ತಳ್ಳೋಣ" ಎನ್ನುತ್ತಿದ್ದ. ಜನ ನಗುತ್ತಾ 'ಐಸಾ, ಐಸಾ' ಎಂದು ಬರೆಯುತ್ತಿದ್ದರು.

ತಿಪಟೂರಿನ ಸಾಕಮ್ಮಜ್ಜಿ ಬಸ್ಸು ತಳ್ಳುತ್ತಿರಲಿಲ್ಲ. ಸೊಂಟ ಮುರಿದು ಮಲಗಿದ್ದ ಅವರಿಗೆ ಈ ಆಟಗೀಟ ಒಂದೂ ತಿಳಿಯದು. ದಿನಾ ಒಂದೇ ಮಾತು ಬರೆಯುತ್ತಿದ್ದರು: "ಊಟ ಆಯ್ತಾ ಮಗ?"

"ಆಯ್ತು ಅಜ್ಜೀ, ಮುದ್ದೆ, ಬಸ್ಸಾರು. ನಿಮ್ದು?"

"ಬಸ್ಸಿನೋನಿಗೆ ಬಸ್ಸಾರೇ ಸರಿ ಬಿಡು."

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಚೆಲುವನಿಗೆ ಆ ಮಾತು ಕೇಳದೆ ಸಂಜೆ ಸಂಜೆಯಾಗುತ್ತಿರಲಿಲ್ಲ.

ಸುಖವಾಗಿದ್ದವನ ಕಣ್ಣಿಗೆ ಒಂದು ದಿನ ಪಟ್ಟಣದ ದೊಡ್ಡ ಆಟಗಾರನೊಬ್ಬ ಬಿದ್ದ. ಅವನ ಮಾತೋ, ಅರಳು ಹುರಿದಂತೆ. ಅವನ ಬಸ್ಸು ಒಮ್ಮೆಯೂ ಹಳ್ಳಕ್ಕೆ ಬೀಳುತ್ತಿರಲಿಲ್ಲ. ನೋಡುವವರು ಲಕ್ಷಗಟ್ಟಲೆ.

ನವಿಲು ಕುಣಿಯಿತೆಂದು ಕೆಂಬೂತವೂ ಪುಕ್ಕ ಕೆದರಿತು. ಚೆಲುವ ಹಗಲೆಲ್ಲ ಕದ್ದುಮುಚ್ಚಿ ಆಡಿ, ಹಳ್ಳಕ್ಕೆ ಬೀಳದ ಆಟವೊಂದನ್ನು ರೆಕಾರ್ಡ್ ಮಾಡಿಕೊಂಡ. ಸಂಜೆ ಅದನ್ನೇ ಲೈವ್ ಎಂದು ಬಿಡತೊಡಗಿದ. ಆಟದ ಜೊತೆ ತುಂಬಿಸಿಟ್ಟ ಮಾತಿನ ದನಿಯೂ ಬದಲಾಗಿತ್ತು. ಅವನ "ಹೇಯ್ ಗೈಸ್!" ಎಂಬ ಅಬ್ಬರಕ್ಕೆ ಹೊಳೆಯ ಕೊಕ್ಕರೆಗಳು ಎದ್ದು ಹಾರಿದವು.

ಕೆಲವೇ ದಿನಗಳಲ್ಲಿ ಬಸ್ಸು ಖಾಲಿಯಾಯಿತು. ಕೊನೆಗೆ ಸಾಕಮ್ಮಜ್ಜಿಯೂ ಇಲ್ಲ.

ಚೆಲುವ ಗುರುಗಳ ಕೋಣೆಗೆ ಬಂದ. ಬಾಗಿಲು ಮುಚ್ಚಿತ್ತು. ಗುರುಗಳನ್ನು ಅಲ್ಲಿ ಎಲ್ಲರೂ 'ಬುದ್ಧಿ' ಎಂದೇ ಕರೆಯುವುದು. ನಾಲಿಗೆಗೆ ಹೊಸ ರೂಢಿ ಹತ್ತಿತ್ತಲ್ಲ, ಆ ಅಬ್ಬರದ ದನಿಯಲ್ಲೇ ಕರೆದ: "ಹೇಯ್ ಬುದ್ಧೀ! ನಮಸ್ಕಾರಾ!"

ಬಾಗಿಲು ಒಂದಿಷ್ಟು ತೆರೆಯಿತು. ಸೀಮೆಸುಣ್ಣ ಹಿಡಿದ ಕೈಯೊಂದು ಹೊರಬಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯಿತು. ಬಾಗಿಲು ಮತ್ತೆ ಮುಚ್ಚಿತು.

ಮರುದಿನ ಬಂದ. ಬಾಗಿಲ ಮೇಲೆ ಅದೇ ಬರಹ. ಚೆಲುವನಿಗೆ ಅಳು ಬಂತು.

"ಬುದ್ಧೀ, ನಾನು ಚೆಲುವ. ನಿನ್ನೇನೂ ನಾಳೆ, ಇವತ್ತೂ ನಾಳೆ ಅಂದ್ರೆ ನಾನು ಯಾವತ್ತು ಬರ್ಲಿ?"

ಬಾಗಿಲು ತಟ್ಟನೆ ತೆರೆಯಿತು.

"ಓ, ನೀನಾ? ಬಾ ಬಾ."

"ನಿನ್ನೆ ಬಂದಿದ್ದೂ ನಾನೇ ಬುದ್ಧೀ."

"ಹೌದಾ? ನಾನು ಯಾವುದೋ ಮಾರಿ ಅಂದ್ಕೊಂಡೆ."

ಮಾರಿ ಬಂದು ಗೊತ್ತಿದ್ದವರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂದು ಹಿಂದಿನವರು ನಂಬಿದ್ದರು. ಅದಕ್ಕೇ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿಡುತ್ತಿದ್ದರು. ಚೆಲುವನಿಗೂ ಅದು ಗೊತ್ತಿತ್ತು.

"ಮಾರಿ ಗೊತ್ತಿರೋರ ದನೀಲಿ ಕರೀತದಂತೆ ಬುದ್ಧೀ. ನಾನು..."

"ನೀನು ಗೊತ್ತಿಲ್ದೋರ ದನೀಲಿ ಕರೆದೆ. ನಿನಗಿಂತ ಮಾರೀನೇ ಜಾಣೆ ಬಿಡು."

ಚೆಲುವ ತಲೆ ತಗ್ಗಿಸಿದ. ನಡೆದದ್ದೆಲ್ಲ ಹೇಳಿಕೊಂಡ. "ಯಾರು ಹೋದ್ರೂ ತಡ್ಕೊಂಡೆ ಬುದ್ಧೀ. ಸಾಕಮ್ಮಜ್ಜೀನೂ ಹೋಗ್ಬಿಟ್ರು."

"ಹೋಗೋ ಮುಂಚೆ ಏನಾದ್ರೂ ಕೇಳಿದ್ರಾ?"

ಚೆಲುವ ಫೋನು ತೆಗೆದು ಹಳೆಯ ಕಾಮೆಂಟುಗಳನ್ನು ಹುಡುಕಿದ. ರೆಕಾರ್ಡ್ ಮಾಡಿದ ಆಟ ಓಡುತ್ತಿದ್ದಾಗ ಅಜ್ಜಿ ಬರೆದಿದ್ದರು: "ಊಟ ಆಯ್ತಾ ಮಗ?" ಮರುದಿನವೂ ಅದೇ. ಅದರ ಮರುದಿನ: "ಹುಷಾರಾಗಿದ್ದೀಯಾ ಮಗ?" ಆಮೇಲೆ ಏನೂ ಇಲ್ಲ.

ಆಡಿ ಮುಗಿದ ಆಟಕ್ಕೆ ಉತ್ತರ ಕೊಡುವ ಬಾಯಿ ಎಲ್ಲಿಂದ ಬರಬೇಕು?

ಗುರುಗಳು ಒದ್ದೆ ಬಟ್ಟೆ ತಂದು ಬಾಗಿಲ ಮೇಲಿನ ಬರಹ ಒರೆಸಿದರು.

ಆ ಸಂಜೆ ಚೆಲುವ ಮತ್ತೆ ಮೆಟ್ಟಿಲ ಮೇಲೆ ಕೂತ.

"ನಾನು ಚೆಲುವ. ಇಷ್ಟು ದಿನ ನೀವು ನೋಡಿದ್ದು ಲೈವ್ ಅಲ್ಲ, ಮೊದ್ಲೇ ಆಡಿಟ್ಟಿದ್ದು. ಸುಳ್ಳು ಹೇಳ್ಬಿಟ್ಟೆ, ತಪ್ಪಾಯ್ತು. ಬಸ್ಸು ಖಾಲಿ ಇದೆ. ಆದ್ರೂ ಹೊರಡ್ತೀನಿ, ರೈಟ್!"

ಮೊದಲ ತಿರುವಿನಲ್ಲೇ ಬಸ್ಸು ಹಳ್ಳಕ್ಕೆ ಬಿತ್ತು. "ಅಯ್ಯಯ್ಯೋ!" ಎಂದು ಕೂಗಿದವನು ತನ್ನಷ್ಟಕ್ಕೆ ನಕ್ಕುಬಿಟ್ಟ. ನಕ್ಕು ಎಷ್ಟೋ ದಿನವಾಗಿತ್ತು.

ಎಲ್ಲಿಂದಲೋ ಒಂದು 'ಐಸಾ' ಬಂತು. ಒಬ್ಬರು ಇನ್ನೊಬ್ಬರನ್ನು ಕರೆದರೋ ಏನೋ, ಹುಣಸೂರು ಹತ್ತಿತು, ಕಡೂರು ಹತ್ತಿತು. ಬಸ್ಸು ಇನ್ನೂ ಹಳ್ಳದಲ್ಲೇ ಇರುವಾಗ ಆ ಮಾತೂ ಬಂತು.

"ಊಟ ಆಯ್ತಾ ಮಗ?"

ಚೆಲುವ ಫೋನನ್ನು ಮೆಟ್ಟಿಲ ಮೇಲೇ ಬಿಟ್ಟು ಆಶ್ರಮಕ್ಕೆ ಓಡಿದ.

"ಬುದ್ಧೀ!"

ಒಂದೇ ಕೂಗಿಗೆ ಬಾಗಿಲು ತೆರೆಯಿತು.

"ಬಂದ್ರು ಬುದ್ಧೀ! ಸಾಕಮ್ಮಜ್ಜಿ ಬಂದ್ರು! ಊಟ ಆಯ್ತಾ ಅಂದ್ರು!"

"ಒಳ್ಳೇದಾಯ್ತು. ನೀನೇನಂದೆ?"

ಚೆಲುವ ತನ್ನ ಬರಿಗೈ ನೋಡಿಕೊಂಡ.

"ನಿಮಗೆ ಹೇಳೋಣ ಅಂತ... ಓಡಿ ಬಂದ್ಬಿಟ್ಟೆ."

ಗುರುಗಳು ನಗುತ್ತಾ ಹೊಳೆಯತ್ತ ಕೈ ತೋರಿದರು.

"ಅಜ್ಜೀನ ಬಾಗಿಲಲ್ಲೇ ನಿಲ್ಸಿ ಬಂದಿದ್ದೀಯಲ್ಲೋ, ಓಡು!"