ಇನ್ನಾಸಪ್ಪ ಕೊಡದ ಕಾಲು

ನಮ್ಮ ಅಜ್ಜಂದಿರಿಗೆ ಅವರ ಅಜ್ಜಂದಿರು ಹೇಳಿದ್ದು. ಹೊಳೆದಂಡೆಯ ಒಂದು ಊರಿನಲ್ಲಿ ಇನ್ನಾಸಪ್ಪನೆಂಬ ಅಂಬಿಗನಿದ್ದನಂತೆ. ಹರಿಗೋಲು ನಡೆಸುವುದು ಅವನ ಕೆಲಸ. ತುಂಬಿದ ಹೊಳೆಯೂ ಅವನ ದನಿ ಕೇಳಿದರೆ ಮೆತ್ತಗಾಗುತ್ತಿತ್ತಂತೆ. ಮುದುಕರನ್ನು ಬೆನ್ನ ಮೇಲೆ ಹೊತ್ತು ದಡಕ್ಕಿಳಿಸಿ, ಅವರ ಕಾಲಿನ ಕೆಸರನ್ನು ತಾನೇ ತೊಳೆಯುತ್ತಿದ್ದನಂತೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದು ಹೀಗೆಯೇ ಇದ್ದೀತು ಎಂದು ಊರವರು ಕೈಮುಗಿಯುತ್ತಿದ್ದರು.

ಆದರೆ ಯಾರು ಏನು ಕೊಟ್ಟರೂ ಇನ್ನಾಸಪ್ಪನಿಗೆ ಬೇಡ. ಕಡೆಮನೆಯ ಜ್ಞಾನಮ್ಮ ಒಮ್ಮೆ ಮಜ್ಜಿಗೆಯ ಚೆಂಬು ಹಿಡಿದು ನಿಂತೂ ನಿಂತೂ ಸಾಕಾಗಿ, "ನಿಂಗೆ ಮಜ್ಜಿಗೆ ಕುಡಿಸೋದಕ್ಕಿಂತ ಎಮ್ಮೆಗೆ ಜಪ ಕಲಿಸೋದು ಸುಲಭ ಕಣೋ" ಎಂದಳಂತೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮಜ್ಜಿಗೆ ಮಾತ್ರ ಕುಡಿಯಲಿಲ್ಲ. ಈಸ್ಟರಿಗೆ ಮುಂಚಿನ ಗುರುವಾರ ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುವಾಗ, ಕರೆದರೂ ಬಾರದೆ ಬಾಗಿಲ ಹಿಂದೆ ನಿಲ್ಲುತ್ತಿದ್ದ. ತಾನೆಷ್ಟರವನು ಎನ್ನುತ್ತಿದ್ದ.

ಅವನಿಗೊಬ್ಬ ತಮ್ಮ, ಚೌರಪ್ಪ. ಹರಿಗೋಲಿನ ಪಾಲಿಗಾಗಿ ಜಗಳವಾಗಿ, ಹರಿಗೋಲು ನಿಲ್ಲುವ ಕಡವಿನಲ್ಲಿ ಎಲ್ಲರೆದುರು ಅಣ್ಣನ ಕೆನ್ನೆಗೆ ಹೊಡೆದಿದ್ದ. ಇನ್ನಾಸಪ್ಪ ತಿರುಗಿ ಕೈಯೆತ್ತಲಿಲ್ಲ. ಊರು ಅಣ್ಣನನ್ನು ಹೊಗಳಿತು, ತಮ್ಮನ ಮುಖ ನೋಡುವುದನ್ನು ಬಿಟ್ಟಿತು. ಚೌರಪ್ಪ ಹೊಳೆಯಾಚೆ ಗುಡಿಸಲು ಹಾಕಿಕೊಂಡು ಒಬ್ಬನೇ ಉಳಿದ.

ಎಷ್ಟೋ ಮಳೆಗಾಲ ಕಳೆದವು. ಈಸ್ಟರಿಗೆ ಮುಂಚಿನ ಅಂಥದೇ ಒಂದು ಗುರುವಾರ ಚೌರಪ್ಪ ಮೇಲುಗಡೆ ನೀರು ಕಡಿಮೆಯಿದ್ದಲ್ಲಿ ನಡೆದು ದಾಟಿ ಬಂದ. ಕೊಡದಲ್ಲಿ ನೀರು ತುಂಬಿಕೊಂಡು ಕಡವಿನ ಕಲ್ಲಿನ ಮೇಲೆ ಕೂತಿದ್ದ ಅಣ್ಣನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಣ್ಣಾ, ಕಾಲು ಕೊಡು."

ಇನ್ನಾಸಪ್ಪ ಕಾಲು ಹಿಂದಕ್ಕೆಳೆದುಕೊಂಡ. "ಏಳಪ್ಪ. ನಿನ್ನ ಮೇಲೆ ನನಗೇನೂ ಇಲ್ಲ."

"ನಿನಗಿಲ್ಲ. ನನಗಿದೆಯಲ್ಲಣ್ಣ. ಹೊಡೆದ ಕೈ ಇದು. ಇದನ್ನೇನು ಮಾಡಲಿ?"

ಕಡವಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವರು ನೋಡುತ್ತಿರುವುದು ಇನ್ನಾಸಪ್ಪನಿಗೆ ಗೊತ್ತಿತ್ತು. "ತೊಳೆಸಿಕೊಳ್ಳೋಕೆ ನಾನೆಷ್ಟರವನಪ್ಪ" ಎಂದು ಇನ್ನೂ ಮೆತ್ತಗೆ ಹೇಳಿದ. ಎಂಥ ವಿನಯ ಎಂದು ಯಾರೋ ಪಿಸುಗುಟ್ಟಿದರು. ಆ ಪಿಸುಮಾತು ತನ್ನ ಕಿವಿಗೆ ಹಿತವಾಗಿತ್ತು ಎಂದು ಇನ್ನಾಸಪ್ಪ ಸಾಯುವತನಕ ಹೇಳಿಕೊಂಡು ಅಳುತ್ತಿದ್ದನಂತೆ.

ಚೌರಪ್ಪ ನೀರನ್ನು ಆ ಕಲ್ಲಿನ ಮೇಲೆ ಚೆಲ್ಲಿ ಎದ್ದ. ಅಣ್ಣನ ಹರಿಗೋಲು ಹತ್ತಲು ಮುಖವಿಲ್ಲದೆ, ಬಂದ ದಾರಿಯಲ್ಲೇ ಹೊಳೆಗಿಳಿದ. ಅಷ್ಟರಲ್ಲಿ ಘಟ್ಟದ ಮೇಲೆ ಅಕಾಲದ ಮಳೆ ಬಿದ್ದು ನೀರು ಏರಿತ್ತು. ಅಣ್ಣ ದಡದಲ್ಲಿ ನಿಂತು ಕೂಗಿದ. ಆ ದಿನ ಹೊಳೆ ಅವನ ದನಿ ಕೇಳಲಿಲ್ಲ ಎನ್ನುತ್ತಾರೆ.

ಹೆಣವನ್ನು ಹರಿಗೋಲಿನಲ್ಲಿ ತಂದವನು ಇನ್ನಾಸಪ್ಪನೇ. ಮಣ್ಣಿಗಿಡುವ ಮುನ್ನ ತಮ್ಮನ ಕಾಲು ತೊಳೆದವನೂ ಅವನೇ. ಆ ಕಾಲುಗಳು ಹಿಂದಕ್ಕೆ ಸರಿಯಲಿಲ್ಲ.

ಮರುವರ್ಷ ಅವನು ಚರ್ಚಿನಲ್ಲಿ ಹನ್ನೆರಡು ಮಂದಿಯ ನಡುವೆ ಕೂತು ಪಾದ್ರಿಗಳಿಗೆ ಕಾಲು ಕೊಟ್ಟನಂತೆ. ಯೇಸುಸ್ವಾಮಿಯ ಶಿಷ್ಯ ಪೇತ್ರನೂ ಮೊದಲು ಕಾಲು ಕೊಡಲೊಲ್ಲೆನೆಂದವನೇ, ಅವನಿಗೆ ಬೇಗ ಬುದ್ಧಿ ಬಂತು ಎಂದನಂತೆ. ಚರ್ಚಿನಿಂದ ನೇರವಾಗಿ ಜ್ಞಾನಮ್ಮನ ಬಾಗಿಲಿಗೆ ಹೋಗಿ ಮಜ್ಜಿಗೆ ಕೇಳಿದ. ಅವಳು ಕೊಟ್ಟಳು. ಏನೂ ಹಾಸ್ಯ ಮಾಡಲಿಲ್ಲ.

ಈಗ ಅಲ್ಲಿ ಹರಿಗೋಲಿಲ್ಲ, ಸೇತುವೆಯಿದೆ. ಕಡವಿನ ಕಲ್ಲು ಮಾತ್ರ ಹಾಗೇ ಇದೆ. ಪ್ರತಿವರ್ಷ ಆ ಗುರುವಾರ ನೊಂದವರು ಅದರ ಮೇಲೆ ಕೂರುತ್ತಾರೆ, ನೋಯಿಸಿದವರು ಕಾಲು ತೊಳೆಯುತ್ತಾರೆ. ಕೂತವರು ಬೇಡ ಎನ್ನುವಂತಿಲ್ಲ. ಎಲ್ಲ ಮುಗಿದ ಮೇಲೆ ಊರ ಹಿರಿಯರೊಬ್ಬರು ಕೊನೆಯ ಕೊಡದ ನೀರನ್ನು, ಚೌರಪ್ಪನ ಹೆಸರಿನಲ್ಲಿ, ಎಲ್ಲರೂ ಎದ್ದು ಖಾಲಿಯಾದ ಆ ಕಲ್ಲಿನ ಮೇಲೆ ನಿಧಾನವಾಗಿ ಸುರಿಯುತ್ತಾರೆ.