ಒಂದು ಚಿಟಿಕೆ ತೊಗಟೆಪುಡಿ

ಹಿಮನಾಡಿನ ದೇವದಾರುವಿನ ತೊಗಟೆಯಡಿಯಲ್ಲಿ ಎರಡು ಹುಳುಗಳಿದ್ದವು, ಅಕ್ಕ ಮತ್ತು ತಂಗಿ. ಚಳಿಗಾಲಕ್ಕೆ ಮುನ್ನ ಹೊಟ್ಟೆಯನ್ನು ಪೂರ್ತಿ ಬರಿದುಮಾಡಿ ಉಪವಾಸವಿರುವುದು ಅವರ ಕುಲದ ಕಟ್ಟಳೆ. ಹಾಗಿದ್ದವರ ಮೈನೀರು ಎಂಥ ಚಳಿಯಲ್ಲೂ ಹಿಮದ ಹರಳಾಗದು. ಪಾಕದಂತೆ ಮಂದವಾಗುತ್ತ ಗಾಜಾಗಿ ನಿಂತು, ವಸಂತದಲ್ಲಿ ಮತ್ತೆ ಕರಗುವುದು.

"ಅಕ್ಕಾ, ಹಸಿವು ತಾಳಲಾರೆ," ಎಂದಳು ತಂಗಿ.

"ತಾಳಬೇಕು. ಹೊಟ್ಟೆಯಲ್ಲಿ ಒಂದು ಕಣ ಉಳಿದರೂ ಹಿಮ ಅದನ್ನೇ ಹಿಡಿದು ಬೆಳೆಯುತ್ತದೆ."

"ಎರಡು ಚಳಿಗಾಲ ಕಂಡ ನಿನಗೆ ಹೊಟ್ಟೆಯೇ ಇಲ್ಲವೇನೋ! ಒಂದೇ ಚಿಟಿಕೆ ಕೊಡು. ನೀನಲ್ಲದೆ ನನಗಿನ್ನಾರು?"

ಅಕ್ಕ ತೊಗಟೆಯತ್ತ ತಿರುಗಿದಳು. ಒಂದು ಚಿಟಿಕೆ ತೊಗಟೆಪುಡಿ ಕೆರೆದು ತಾನೇ ಉಣಿಸಿದಳು.

"ನೀನೇ ನನ್ನ ತಾಯಿ," ಎಂದು ತಂಗಿ ನಕ್ಕಳು.

ಚಳಿ ಬಂದಿತು. ಅಕ್ಕನ ಮೈ ಗಾಜಾಗತೊಡಗಿತು. ತಂಗಿಯ ಹೊಟ್ಟೆಯಲ್ಲಿ ಮಾತ್ರ ಆ ಪುಡಿಯ ಸುತ್ತ ಬಿಳಿಯ ಮುಳ್ಳೊಂದು ಮೂಡಿ, ಕ್ಷಣದಲ್ಲೇ ಮೈತುಂಬ ಕವಲೊಡೆಯಿತು.

"ಅಕ್ಕಾ, ಒಳಗೆ ಏನೋ ಚುಚ್ಚುತ್ತಿದೆ!"

ಅಕ್ಕನಿಗೆ ಕೇಳಿಸಿತು. ಆದರೆ ಅವಳ ಬಾಯಿ ಆಗಲೇ ಗಾಜಾಗಿತ್ತು.

ವಸಂತದಲ್ಲಿ ಅಕ್ಕ ಕರಗಿ ಎದ್ದಳು, ತಂಗಿ ಏಳಲಿಲ್ಲ. ಮರುವರ್ಷ ಉಪವಾಸದ ದಿನ ಇನ್ನೊಂದು ಎಳೆಯ ಹುಳು ಹಸಿವೆಂದು ಅತ್ತಿತು. ಅಕ್ಕ ಅದರ ಪಕ್ಕದಲ್ಲಿ ಕುಳಿತು, ಅದು ಬೈದುದನ್ನೆಲ್ಲ ಕೇಳಿಸಿಕೊಂಡಳು, ಏನನ್ನೂ ಕೊಡಲಿಲ್ಲ.